ಏಕಾದಶಿಯ ದಿನ ಹೊರಡದ ಲಾರಿ

ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಆಮದು-ರಫ್ತಿನ ಪಾಠ ಹೇಳಿದ್ದೇನೆ. ಸಿಂದಗಿಯಲ್ಲಿ ಹನ್ನೊಂದು ವರ್ಷ, ಮುದ್ದೇಬಿಹಾಳದಲ್ಲಿ ಎಂಟು, ಬಸವನಬಾಗೇವಾಡಿಯಲ್ಲಿ ಹನ್ನೆರಡು. ಊರು ಬದಲಾದವು, ಹೆಡ್‌ಮಾಸ್ತರರು ಬದಲಾದರು, ಪಾಠ ಮಾತ್ರ ಅದೇ. ದೇಶದಲ್ಲಿ ಹೆಚ್ಚಾದದ್ದನ್ನು ಹೊರಗೆ ಕಳಿಸಬೇಕು, ಕಡಿಮೆ ಬಿದ್ದದ್ದನ್ನು ತರಿಸಿಕೊಳ್ಳಬೇಕು, ಆಪತ್ತಿನ ಕಾಲದಲ್ಲಿ ಸರ್ಕಾರ ಒಂದು ಬಾಗಿಲು ಹಾಕುತ್ತದೆ, ಇನ್ನೊಂದನ್ನು ತೆಗೆಯುತ್ತದೆ. ಇಷ್ಟನ್ನು ಹಲಗೆಯ ಮೇಲೆ ಬರೆದು, ಒಳಗೊಂದು ಹೊರಗೊಂದು ಬಾಣ ಹಾಕಿ, ಕೈಗೆ ಹತ್ತಿದ ಖಡುವಿನ ಪುಡಿ ಝಾಡಿಸಿಕೊಂಡು ಮನೆಗೆ ಬರುತ್ತಿದ್ದೆ.

ಮುದ್ದೇಬಿಹಾಳದಲ್ಲಿದ್ದಾಗ ತಂಗಡಗಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: "ಸರ್, ಹೊರಗ ಕಳಸೂದು ಬಂದ್ ಮಾಡೂಮುಂದ ಬೆಳದವ್ರನ್ನ ಒಂದ ಮಾತ ಕೇಳ್ತಾರೇನ್ರಿ?"

"ಕೇಳೂದಿಲ್ಲ. ಕೇಳಕೋತ ಕೂತ್ರ ಕೆಲಸ ಆಗೂದಿಲ್ಲ. ಕುಂಡ್ರು," ಅಂದಿದ್ದೆ. ತರಗತಿಯೆಲ್ಲ ನಕ್ಕಿತು. ನನಗೂ ನನ್ನ ಉತ್ತರ ಬಹಳ ಜಾಣತನದ್ದು ಅನ್ನಿಸಿತ್ತು.

ನಾನು ನಿವೃತ್ತನಾಗಿ ಇಂಡಿಯ ನಮ್ಮ ಮನೆಗೆ ಬಂದು ಬೀಳುವುದಕ್ಕೂ ಕೊರೊನಾ ಬರುವುದಕ್ಕೂ ಸರಿಹೋಯಿತು. ಒಂದು ಕಡೆ ಕುಳಿತು ಗೊತ್ತಿಲ್ಲದ ಮನುಷ್ಯ ನಾನು. ಸಾಲಿಯಲ್ಲೂ ಬೆಂಚುಗಳ ನಡುವೆ ಅಡ್ಡಾಡುತ್ತಲೇ ಪಾಠ ಮಾಡಿದವನು. ಅಂಥವನನ್ನು ಹಿಡಿದು ಮನೆಯಲ್ಲಿ ಕೂಡಿಹಾಕಿದರೆ ಏನಾಗಬೇಕು? ಹೆಂಡತಿ ಮಗಳ ಬಾಣಂತನಕ್ಕೆಂದು ಬಸವನಬಾಗೇವಾಡಿಗೆ ಹೋದವಳು ಅಲ್ಲೇ ಉಳಿದಿದ್ದಳು. ಮನೆಯಲ್ಲಿ ನಾನು ಮತ್ತು ಎಂಬತ್ತು ದಾಟಿದ ನನ್ನ ಅವ್ವ. ಟಿವಿ ಹಚ್ಚುತ್ತಿದ್ದೆ, ಆರಿಸುತ್ತಿದ್ದೆ. ಬಾಗಿಲ ತನಕ ಹೋಗುತ್ತಿದ್ದೆ, ಬರುತ್ತಿದ್ದೆ. ಫೋನಿನಲ್ಲಿ ಒಂದೇ ಸುದ್ದಿಯನ್ನು ಹತ್ತು ಸಲ ಓದುತ್ತಿದ್ದೆ. "ನಿನ್ನ ಕಾಲಿಗೆ ಏನ್ ಇರಬಿ ಹತ್ಯಾವೇನೋ?" ಎಂದು ಅವ್ವ ಬೈಯುತ್ತಿದ್ದಳು.

ನಮ್ಮದೊಂದು ತುಂಡು ಎರೆಹೊಲ ತಾಂಬಾದ ಹತ್ತಿರ ಇದೆ. ಅದನ್ನು ಪಾಲಿಗೆ ಮಾಡುತ್ತಿದ್ದವಳು ಅದೇ ಊರಿನ ಒಬ್ಬ ಹೆಣ್ಣುಮಗಳು. ನನಗಿಂತ ಹದಿನೈದು ವರ್ಷ ಸಣ್ಣವಳಾದರೂ ಊರೆಲ್ಲ ಅಕ್ಕ ಅನ್ನುವುದರಿಂದ ನಾನೂ ಅಕ್ಕ ಅನ್ನುತ್ತಿದ್ದೆ. ಗಂಡ ತೀರಿಹೋದ ಮೇಲೆ ಆಕೆ ತಾನೇ ನಿಂತು ಹೊಲ ಮಾಡುತ್ತಿದ್ದ ಮೂರನೆಯ ವರ್ಷ ಅದು. ದೇವಣಗಾಂವದಲ್ಲಿದ್ದ ತಮ್ಮ, ಒಬ್ಬಳೇ ಹೆಂಗಸು ಕಮತ ಮಾಡುವುದು ಬೇಡ, ನಮ್ಮಲ್ಲಿ ಬಂದು ಇರು ಎಂದು ಪ್ರತಿ ಅಮಾವಾಸ್ಯೆಗೂ ಬಂದು ಹೇಳಿ ಹೋಗುತ್ತಿದ್ದ. ಆ ವರ್ಷ ಹೊಲಕ್ಕೆಲ್ಲ ಉಳ್ಳಾಗಡ್ಡಿ ಹಚ್ಚಿ, ಆಕೆ ತಮ್ಮನ ಮುಂದೆ ಒಂದು ಮಾತು ಕೊಟ್ಟಿದ್ದಳು. ಈ ಉಳ್ಳಾಗಡ್ಡಿ ನೆಟ್ಟಗೆ ಮಾರಿಹೋದರೆ ತಾಂಬಾ ಬಿಡುವುದಿಲ್ಲ. ಇಲ್ಲವಾದರೆ ಕೀಲಿ ಹಾಕಿಕೊಂಡು ಅವನ ಹಿಂದೆ ಹೋಗುವುದು. ತಮ್ಮನ ಮನೆಯಲ್ಲಿ ಕೂಳಿಗೆ ಕೊರತೆ ಇರಲಿಲ್ಲ. "ಆದ್ರ ಅಲ್ಲಿ ಇವತ್ತ ಏನ್ ಮಾಡ್ಲಿ ಅಂತ ಮಂದೀನ್ನ ಕೇಳಬೇಕಾಗತೈತ್ರಿ ಮಾಸ್ತರ," ಅಂದಿದ್ದಳು ನನಗೆ.

ಉಳ್ಳಾಗಡ್ಡಿ ಕಿತ್ತ ಹೊತ್ತಿಗೆ ಪೇಟೆಗಳೆಲ್ಲ ಬಂದ್. ಹೊಲದಲ್ಲೇ ಚಾಳ ಕಟ್ಟಿ, ಕೆಳಗೆ ಗಾಳಿ ಆಡುವಂತೆ ತಟ್ಟಿ ಹಾಸಿ, ಮೇಲೆ ಜೋಳದ ಕಣಕಿ ಹೊದಿಸಿ ಕಾದಿಟ್ಟಳು. ವಾರಕ್ಕೆರಡು ಸಲ ಚಾಳದೊಳಗೆ ಬಗ್ಗಿ ಹೋಗಿ ಮೂಸಿ ನೋಡುವಳು. ಕೆಟ್ಟದ್ದೊಂದಿದ್ದರೂ ಆಕೆಯ ಮೂಗಿಗೆ ಗೊತ್ತಾಗುತ್ತಿತ್ತು.

ಇನ್ನು ನಮ್ಮ ಮನೆಯ ವಿಚಾರ. ನಾವು ವೈಷ್ಣವರು, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಆಷಾಢದ ದೊಡ್ಡ ಏಕಾದಶಿಯಿಂದ ಕಾರ್ತೀಕದ ತನಕ, ನಾಲ್ಕು ತಿಂಗಳ ಚಾತುರ್ಮಾಸದಲ್ಲಿ, ಉಳ್ಳಾಗಡ್ಡಿ ತಿನ್ನುವಂತಿಲ್ಲ. ಅದಕ್ಕೇ ಆ ಏಕಾದಶಿಯ ಎರಡು ದಿನ ಮೊದಲು ಕಾಂದೆ ನವಮಿ ಎಂದು ಮಾಡುತ್ತೇವೆ. ಅವತ್ತು ಉಳ್ಳಾಗಡ್ಡಿಯ ಭಜಿ, ಥಾಲಿಪೆಟ್ಟು, ಹಸಿ ಉಳ್ಳಾಗಡ್ಡಿಯ ಪಚಡಿ, ಎಲ್ಲವನ್ನೂ ಗಂಟಲ ತನಕ ತಿಂದು, ನಾಲ್ಕು ತಿಂಗಳಿಗೆ ಕೈ ಮುಗಿಯುವುದು. ಆಮೇಲೆ ಮನೆಯೊಳಗೆ ಒಂದು ಗಡ್ಡಿಯೂ ಇರಕೂಡದು. ಬೆಳೆಯುವುದಕ್ಕೆ, ಮಾರುವುದಕ್ಕೆ ಅಡ್ಡಿಯಿಲ್ಲ. ನಾಲಿಗೆಗೆ ಮಾತ್ರ ಕಟ್ಟು. ಇದನ್ನು ಹೇಳಿದಾಗಲೆಲ್ಲ ಅಕ್ಕ ನಗುತ್ತಿದ್ದಳು. "ನೀವು ಬಿಟ್ಟದ್ದಕ್ಕ ರೇಟ್ ಇಳಿಯಂಗಿಲ್ಲ ಬಿಡ್ರಿ," ಅನ್ನುವಳು.

ರೇಟು ಇಳಿಯಲಿಲ್ಲ, ಏರತೊಡಗಿತು. ಶ್ರಾವಣ ಮುಗಿದು ಭಾದ್ರಪದ ಬಂತು. ಹೊರದೇಶಗಳಿಂದ ಬೇಡಿಕೆ ಬರುತ್ತಿದೆ, ಹಡಗುಗಳು ಮತ್ತೆ ಹೊರಟಿವೆ ಎಂದು ಸೋಲಾಪುರದಿಂದ ಸುದ್ದಿ. ನನಗಂತೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಂಜಾನೆ ಎದ್ದು ಹಲ್ಲು ತಿಕ್ಕುವ ಮೊದಲೇ ಸೋಲಾಪುರದ ಧಾರಣಿ ನೋಡುವುದು, ಸಂಜೆ ಮತ್ತೆ ನೋಡುವುದು. ನಿನ್ನೆಗಿಂತ ಇವತ್ತು ಮೇಲೆ, ಇವತ್ತಿಗಿಂತ ನಾಳೆ ಇನ್ನೂ ಮೇಲೆ. ಹೊಲ ನನ್ನದೆಂಬ ನೆನಪೇ ಇಲ್ಲದೆ ಮೂವತ್ತು ವರ್ಷ ಕಳೆದವನಿಗೆ ಆ ಒಂದು ತಿಂಗಳಲ್ಲಿ ಹೊಲ ಮೈಮೇಲೆ ಬಂದಿತ್ತು.

ಪಕ್ಷಮಾಸದ ದಶಮಿಯ ದಿನ ಅಕ್ಕನ ಫೋನು ಬಂತು.

"ಮಾಸ್ತರ್ರಿ, ಸೋಲಾಪುರದ ದಲಾಲ ಹೇಳ್ಯಾನ್ರಿ. ನಾಳಿ ಮಧ್ಯಾಹ್ನದೊಳಗ ಮಾಲ ಮುಟ್ಟಿಸ್ರಿ, ದುಬೈಕ ಹೋಗೂದು ತುಂಬಾಕತ್ತೇವಿ ಅಂತಾನ. ಹಮಾಲರು ಸಿಕ್ಕಾರ, ಲಾರೀನೂ ಸಿಕ್ಕೈತಿ. ತುಂಬಸಲೇನ್ರಿ?"

ನನ್ನ ಬಾಯಿಂದ ಹೂಂ ಎಂದೇ ಬರಬೇಕಿತ್ತು. ಆದರೆ ಅವತ್ತು ಸಂಜೆಯ ಧಾರಣಿ ನನ್ನ ತಲೆಯಲ್ಲಿ ಕುಣಿಯುತ್ತಿತ್ತು. ಒಂದು ದಿನ ತಡೆದರೆ ಇನ್ನೊಂದಿಷ್ಟು ಏರೀತು. ಹಾಗಂತ ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆ. ಐದು ತಿಂಗಳು ಚಾಳ ಕಾದವಳ ಮುಂದೆ ಆಸೆಬುರುಕನಾಗಿ ಕಾಣುವುದು ಹೇಗೆ? ಸುಲಭದ ನೆವವೊಂದು ಎದುರಿಗೇ ಕುಳಿತು ಜಪಮಣಿ ಎಣಿಸುತ್ತಿತ್ತು.

"ನಾಳೆ ಏಕಾದಶಿ ಅದ ಅಕ್ಕಾ. ಚಾತುರ್ಮಾಸದ ಏಕಾದಶಿ. ಅವತ್ತ ಉಳ್ಳಾಗಡ್ಡಿ ವ್ಯವಹಾರ ಮಾಡೂದು ಬ್ಯಾಡ ಅಂತಾಳ ಅವ್ವ. ನಾಡದು ತುಂಬಸೋಣ."

"ಅವ್ವಾರು ಅಂದ್ರ ಆತ್ರಿ ಮತ್ತ," ಎಂದು ಫೋನಿಟ್ಟಳು.

ಅವ್ವನಿಗೆ ಇದು ಯಾವುದೂ ಕೇಳಿಸಿರಲಿಲ್ಲ. ಆಕೆಗೆ ಎಡಗಿವಿ ಮಂದ, ನಾನು ನಿಂತದ್ದು ಆ ಬದಿಗೆ.

ಏಕಾದಶಿಯ ದಿನ ಧಾರಣಿ ನಿಜವಾಗಿಯೂ ಏರಿತು. ನಾನು ಉಪವಾಸದಲ್ಲಿದ್ದರೂ ಹೊಟ್ಟೆ ತುಂಬಿದವನಂತೆ ಓಡಾಡಿದೆ. ದ್ವಾದಶಿಯ ಮುಂಜಾನೆ ಲಾರಿ ತುಂಬಿತು. ತಾಂಬಾದಿಂದ ಸೋಲಾಪುರಕ್ಕೆ ಹೋಗುವ ದಾರಿಯಲ್ಲಿ ಅಕ್ಕ ನಮ್ಮ ಮನೆಯ ಮುಂದೆ ಐದು ನಿಮಿಷ ಲಾರಿ ನಿಲ್ಲಿಸಿ, ಅವ್ವನಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಡ್ರೈವರನ ಜೊತೆ ತಾಡಪತ್ರಿ ಬಿಗಿಸುತ್ತಿದ್ದೆ. ಕಟ್ಟೆಯ ಮೇಲೆ ಅವ್ವ ಮತ್ತು ಆಕೆ ಏನೋ ನಾಲ್ಕು ಮಾತಾಡಿದರು. ಅಕ್ಕ ತಿರುಗಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಲಾರಿ ಹತ್ತಿ ಹೋದಳು.

ಅವತ್ತು ಸಂಜೆ ನಾಲ್ಕಕ್ಕೋ ಐದಕ್ಕೋ ಟಿವಿಯ ಕೆಳಪಟ್ಟಿಯಲ್ಲಿ ಅಕ್ಷರಗಳು ಓಡತೊಡಗಿದವು. ಉಳ್ಳಾಗಡ್ಡಿ ರಫ್ತು ನಿಷೇಧ, ತಕ್ಷಣದಿಂದ ಜಾರಿ. ನಾನು ಎದ್ದು ನಿಂತೆ. ಕೂತೆ. ಮತ್ತೆ ಎದ್ದೆ. ಅಕ್ಕನಿಗೆ ಫೋನು ಹತ್ತಲಿಲ್ಲ. ಹತ್ತಿದಾಗ ಆಕೆ ಸೋಲಾಪುರದ ಗೋದಾಮಿನ ಗೇಟಿನ ಹೊರಗಿದ್ದಳು. ಲಾರಿ ಪಾಳಿಯಲ್ಲಿ ಅರ್ಧ ತಾಸು ನಿಂತಿದ್ದಾಗಲೇ ದಲಾಲನಿಗೆ ಮುಂಬೈಯಿಂದ ಸುದ್ದಿ ಬಂದು, ಅವನು ಗೇಟು ಹಾಕಿಸಿದ್ದ.

"ನಿನ್ನಿ ಬಂದವ್ರದು ಎಲ್ಲಾ ತಗೊಂಡಾನ್ರಿ," ಅಂದಳು ಅಕ್ಕ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಪೇಟೆಯಲ್ಲಿ ಮಾರಲು ಹೋದರೆ ಕೇಳಿದ ಬೆಲೆಗೆ ಕೊಡಬೇಕು. ಎಲ್ಲರ ಲಾರಿಗಳೂ ಅಲ್ಲೇ ತಿರುಗಿ ನಿಂತಿದ್ದವು. ಎರಡು ದಿನ ಕಾದು, ಮೂರನೆಯ ದಿನ ಆಕೆ ಲಾರಿ ತಿರುಗಿಸಿದಳು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಎರೆಮಣ್ಣಿನ ಹೊಲದ ದಾರಿಯಲ್ಲಿ ಲಾರಿ ಹೋಗುವುದು ಸಾಧ್ಯವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಬಂದು ನಿಂತದ್ದು ನಮ್ಮ ಮನೆಯ ಮುಂದೆ. ತಾಡಪತ್ರಿಯ ಹರಕಿನಲ್ಲಿ ನೀರು ಇಳಿದು ಮೇಲಿನ ಚೀಲಗಳು ತೊಯ್ಯುತ್ತಿದ್ದವು.

ಅಕ್ಕ ನನ್ನ ಮುಖ ನೋಡಿದಳು. ನನ್ನ ಮನೆಗೆ ಉದ್ದನೆಯ ಪಡಸಾಲೆ ಇದೆ. ಅದರಾಚೆ ನಡುಮನೆಯಿದೆ. ಆದರೆ ಚಾತುರ್ಮಾಸ. ಈ ಸಲ ನಾನು ನೆವ ಹುಡುಕುತ್ತಿರಲಿಲ್ಲ. ಅವ್ವ ಒಪ್ಪುವುದಿಲ್ಲ ಎಂದೇ ನಂಬಿದ್ದೆ. "ಒಳಗ ಹೆಂಗ ಇಳಸೋದು ಅಕ್ಕಾ? ಅವ್ವ..." ಎಂದು ಶುರುಮಾಡಿದೆನೋ ಇಲ್ಲವೋ, ಹಿಂದಿನಿಂದ ಅವ್ವನ ದನಿ ಬಂತು.

"ಏನ್ ನೋಡ್ಕೋತ ನಿಂತೀರಿ? ಮಾಲ ತೊಯ್ಲಿಕ್ಕತ್ತದ. ಒಳಗ ತರಸು."

"ಅವ್ವಾ, ಚಾತುರ್ಮಾಸ..."

"ನಾ ತಿನ್ನೋದು ಬಿಟ್ಟೀನೋ, ಮುಟ್ಟೋದಲ್ಲ. ದೇವರ ಮನಿ ಬಾಗಲಾ ಎಳಕೋ, ಉಳಿದದ್ದೆಲ್ಲಾ ಹರವು."

ಪಡಸಾಲೆ ತುಂಬಿತು, ನಡುಮನೆ ತುಂಬಿತು, ನಾನು ಮಲಗುವ ಮಂಚದ ಕೆಳಗೂ ಉಳ್ಳಾಗಡ್ಡಿ. ಮುಂದಿನ ಮೂರು ವಾರ ಅಕ್ಕ ದಿನಾ ಮುಂಜಾನೆ ತಾಂಬಾದಿಂದ ಬಂದು ಹರವಿದ ರಾಶಿಯ ನಡುವೆ ಕುಳಿತು, ಕೊಳೆತದ್ದನ್ನು ಒಂದು ಕಡೆ, ಮೆತ್ತಗಾದದ್ದನ್ನು ಇನ್ನೊಂದು ಕಡೆ, ಗಟ್ಟಿಯಿದ್ದದ್ದನ್ನು ಮತ್ತೊಂದು ಕಡೆ ಹಾಕುತ್ತಿದ್ದಳು. ಎರಡನೆಯ ದಿನ ಅವ್ವ ಒಂದು ಮಣೆ ಎಳೆದುಕೊಂಡು ಆಕೆಯ ಪಕ್ಕ ಕುಳಿತಳು. ಅರವತ್ತು ಚಾತುರ್ಮಾಸ ಉಳ್ಳಾಗಡ್ಡಿಯ ವಾಸನೆಯಿಲ್ಲದೆ ಕಳೆದ ಹೆಂಗಸು, ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ನೋಡಿ ಬೇರೆ ಮಾಡತೊಡಗಿದಳು. ಕೈ ತೊಳೆದುಕೊಂಡು ಹೋಗಿ ಜಪ, ಜಪ ಮುಗಿಸಿ ಬಂದು ಮತ್ತೆ ಉಳ್ಳಾಗಡ್ಡಿ.

ನಾನು? ನಾನು ಫ್ಯಾನು ತಿರುಗಿಸುತ್ತಿದ್ದೆ, ಕಿಟಕಿ ತೆಗೆಯುತ್ತಿದ್ದೆ, ಸುದ್ದಿ ನೋಡುತ್ತಿದ್ದೆ ಮತ್ತು ಬೈಯುತ್ತಿದ್ದೆ. ದೆಹಲಿಯನ್ನು, ಮಂತ್ರಿಗಳನ್ನು, ಅಧಿಕಾರಿಗಳನ್ನು, ಹಡಗಿನವರನ್ನು, ದುಬೈನವರನ್ನು. ಒಳಗೊಳಗೇ ನನಗೆ ಗೊತ್ತಿತ್ತು, ಅವರ ಲೆಕ್ಕಾಚಾರದಲ್ಲೂ ಒಂದು ಅರ್ಥವಿದೆ ಎಂದು. ಜಗತ್ತಿಗೆ ರೋಗ ಬಂದಾಗ, ಯುದ್ಧ ಬಂದಾಗ, ಎಲ್ಲ ಸರ್ಕಾರಗಳೂ ಮೊದಲು ನೋಡುವುದು ಪಟ್ಟಣದ ಅಡುಗೆಮನೆಯನ್ನು. ಅಲ್ಲಿ ಉಳ್ಳಾಗಡ್ಡಿ ತುಟ್ಟಿಯಾದರೆ ಕುರ್ಚಿ ಅಲುಗಾಡುತ್ತದೆ. ಮುಂಚೆ ಹೇಳಿ ಬಾಗಿಲು ಹಾಕಿದರೆ ಅಷ್ಟರೊಳಗೆ ಗೋದಾಮುಗಳೆಲ್ಲ ಬರಿದಾಗುತ್ತವೆ. ಅದಕ್ಕೇ ತಕ್ಷಣದಿಂದ ಜಾರಿ. ಈ ಮಾತನ್ನು ನಾನೇ ಎಷ್ಟು ಸಲ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಬೈಯುವುದನ್ನು ನಿಲ್ಲಿಸಿದರೆ ಇನ್ನೊಂದು ವಿಚಾರ ತಲೆಗೆ ಬರುತ್ತಿತ್ತು. ಅದು ಬರಬಾರದೆಂದು ಜೋರಾಗಿ ಬೈಯುತ್ತಿದ್ದೆ.

ಹೀಗೊಂದು ಮುಂಜಾನೆ ಪೇಪರು ಹಿಡಿದು ಪಡಸಾಲೆಯ ಉದ್ದಕ್ಕೂ ಅಡ್ಡಾಡುತ್ತ ಕೂಗಾಡಿದೆ. "ಗ್ರಾಹಕರ ಹಿತಕ್ಕಾಗಿ ಅಂತ ಬರದಾರ! ಯಾವ ಗ್ರಾಹಕನ್ನ ಕೇಳಿದ್ರು ಇವ್ರು? ಬೆಳದವ್ರನ್ನ ಕೇಳಲಿಲ್ಲ, ತಿನ್ನವ್ರನ್ನೂ ಕೇಳಲಿಲ್ಲ. ಸುಮ್ನ ಮಂದಿ ಹೆಸರ ಮುಂದ ಮಾಡೂದು, ತಮಗ ಬೇಕಾದ್ದು ಮಾಡೂದು!"

ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗಡ್ಡಿಯ ಸಿಪ್ಪೆ ಉಜ್ಜುತ್ತ ಅಂದಳು.

"ಅವ್ವಾರ ಹೆಸರ ಮುಂದ ಮಾಡೂಮುಂದ ನೀವರೆ ಯಾರನ್ನ ಕೇಳಿದ್ರಿ ಮಾಸ್ತರ?"

ನನ್ನ ಕಾಲು ನಿಂತುಬಿಟ್ಟವು. ಬಲಗಿವಿ ಅವ್ವನದು ಚುರುಕು. ಅಕ್ಕ ಕುಳಿತದ್ದು ಅದೇ ಬದಿಗೆ.

"ನನ್ನ ಹೆಸರು? ಯಾತಕ್ಕ?" ಎಂದು ಅವ್ವ ಕೇಳಿದಳು.

ನಾನು ಫೋನಿನಲ್ಲಿ ಅಂದದ್ದನ್ನು ಅಕ್ಕ ಹೇಳಿದಳು. ಆಮೇಲೆ ಇನ್ನೊಂದು ಮಾತು. ದ್ವಾದಶಿಯ ದಿನ ಕಟ್ಟೆಯ ಮೇಲೆ, ಲಾರಿ ನಿನ್ನೆಯೇ ಸಿಕ್ಕಿತ್ತೆಂದು ಆಕೆ ಅಂದದ್ದಕ್ಕೆ ಅವ್ವ ಕೇಳಿದ್ದು ಇಷ್ಟೇ: ಹಾಗಿದ್ದರೆ ನಿನ್ನೆಯೇ ಮಾಲು ಹೋಗಬೇಕಿತ್ತಲ್ಲ, ಯಾಕೆ ತಡಮಾಡಿದಿರಿ, ಈ ದಿನಗಳಲ್ಲಿ ಕೈಗೆ ಬಂದದ್ದನ್ನು ಹಿಡಿದಿಟ್ಟುಕೊಂಡು ಕೂರಬಾರದು ಎಂದು. ತಡೆದದ್ದು ಅವ್ವನಲ್ಲ ಎಂದು ಅಲ್ಲಿಗೆ ಅಕ್ಕನಿಗೆ ತಿಳಿದುಹೋಗಿತ್ತು. ಸೋಲಾಪುರದ ಗೇಟಿನ ಮುಂದೆ ನಿಂತಾಗಲೂ, ಮಳೆಯಲ್ಲಿ ಲಾರಿ ತಿರುಗಿಸುವಾಗಲೂ, ಮೂರು ವಾರ ನಾನು ದೆಹಲಿಯನ್ನು ಬೈಯುವುದನ್ನು ಕೇಳುವಾಗಲೂ ಗೊತ್ತಿತ್ತು.

ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಏಕಾದಶಿ ನೀ ನನ್ನ ಸಲುವಾಗಿ ಹಿಡದೀ ಅಂತ ತಿಳದಿದ್ದೆ," ಎಂದಷ್ಟೇ ಅಂದು ಮತ್ತೆ ಉಳ್ಳಾಗಡ್ಡಿ ಒತ್ತತೊಡಗಿದಳು.

ನಾನು ಅವರಿಬ್ಬರ ಎದುರು ನೆಲದ ಮೇಲೆ ಕುಳಿತೆ. ಧಾರಣಿ ಏರುತ್ತದೆಂಬ ಆಸೆಗೆ ತಡೆದದ್ದು ಎಂದು ಹೇಳಿದೆ. ಅಕ್ಕ "ಹೂಂ" ಅಂದಳು, ಅಷ್ಟೇ. ಒಂದು ಪುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಅವತ್ತು ಮೊದಲ ಸಲ ನಾನು ಕೊಳೆತ ಉಳ್ಳಾಗಡ್ಡಿಗೆ ಕೈ ಹಚ್ಚಿದೆ. ಆ ವಾಸನೆ ಎಷ್ಟು ತೊಳೆದರೂ ಬೆರಳಿನಿಂದ ಹೋಗಲಿಲ್ಲ.

ನವರಾತ್ರಿಯ ಹೊತ್ತಿಗೆ ಮಳೆ ಎಲ್ಲ ಕಡೆಯ ಹೊಸ ಬೆಳೆಯನ್ನು ಕೊಚ್ಚಿ, ರಫ್ತು ಬಂದಾಗಿದ್ದರೂ ಉಳ್ಳಾಗಡ್ಡಿ ಮತ್ತೆ ತುಟ್ಟಿಯಾಯಿತು. ನಮ್ಮ ರಾಶಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಅಕ್ಕ ಒಂದು ದಿನ ಹಮಾಲರನ್ನು ಕರೆತಂದು, ನನ್ನನ್ನು ಒಂದು ಮಾತೂ ಕೇಳದೆ ಚೀಲ ತುಂಬಿಸಿ ಸೋಲಾಪುರಕ್ಕೆ ನಡೆದಳು. ಮಾರಿ ಬಂದ ನಾಲ್ಕೈದು ದಿನಕ್ಕೆ ಸರ್ಕಾರ ಹೊರಗಿನ ಉಳ್ಳಾಗಡ್ಡಿಗೆ ಬಾಗಿಲು ತೆಗೆಯಿತು, ವ್ಯಾಪಾರಿಗಳು ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದಿತು. ಧಾರಣಿ ಜಾರಿತು. ಈ ಸಲ ಆಕೆ ಬಾಗಿಲು ಬೀಳುವ ಮೊದಲೇ ಹೊರಗಿದ್ದಳು.

ಆದರೂ ನನಗೆ ಸಮಾಧಾನವಿಲ್ಲ. ಮಾಲು ನೆಟ್ಟಗೆ ಹೋದಂತಾಯಿತೋ ಇಲ್ಲವೋ? ಅರ್ಧ ಕೊಳೆತದ್ದನ್ನು ತಮ್ಮ ಯಾವ ಲೆಕ್ಕಕ್ಕೆ ಹಿಡಿದಾನು? ಆಕೆ ದೇವಣಗಾಂವಕ್ಕೆ ಹೋಗುತ್ತಾಳೋ, ಇರುತ್ತಾಳೋ? ಕೇಳುವ ಮುಖವೂ ನನಗಿರಲಿಲ್ಲ. ದೀಪಾವಳಿ ಅದೇ ತಳಮಳದಲ್ಲಿ ಕಳೆಯಿತು.

ತುಳಸಿ ಲಗ್ನದ ಮರುದಿನ ಅಕ್ಕ ಬಂದಳು. ಸೆರಗಿನಲ್ಲಿ ಐದು ಉಳ್ಳಾಗಡ್ಡಿ ಕಟ್ಟಿಕೊಂಡು ಬಂದಿದ್ದಳು. ಎಲ್ಲಕ್ಕಿಂತ ಗಟ್ಟಿಯಾದವನ್ನು ತೆಗೆದಿಟ್ಟಿದ್ದಳಂತೆ. ಅವ್ವನ ಮುಂದಿಟ್ಟು, "ಇನ್ನ ನಡೀತೈತಲ್ರಿ ಅವ್ವಾರ?" ಎಂದು ಕೇಳಿದಳು. ಅವ್ವ ಒಂದನ್ನು ಎತ್ತಿಕೊಂಡು ಮೂಸಿ, ಮಗುವಿನಂತೆ ನಕ್ಕಳು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಹೊಲ ಬಿಡಂಗಿಲ್ರಿ ನಾ. ತಮ್ಮಗ ಹೇಳೇನಿ, ಅರ್ಧ ಕೆಟ್ಟದ್ದು ನನ್ನ ಕೈಯಾಗ ಕೆಟ್ಟದ್ದಲ್ಲಂತ. ಆದ್ರ ಒಂದ ಮಾತು. ಲಾರಿ ಯಾವಾಗ ಬರಬೇಕು ಅನ್ನೂದು ಇನ್ನ ಮ್ಯಾಲ ನಾ ನೋಡ್ಕೋತೇನಿ. ನಿಮ್ಮನ್ನ ಕೇಳಂಗಿಲ್ಲ."

"ಆತು," ಅಂದೆ.

ಅಲ್ಲಿಂದೀಚೆಗೆ ಎಷ್ಟು ಸಲ ಬಾಗಿಲು ಬಿತ್ತು, ಎಷ್ಟು ಸಲ ತೆರೆಯಿತು. ಯುಕ್ರೇನಿನಲ್ಲಿ ಯುದ್ಧವಾದರೆ ಇಲ್ಲಿ ಗೋಧಿ ಹೊರಗೆ ಹೋಗುವುದು ನಿಂತಿತು, ಎಣ್ಣೆಯ ಡಬ್ಬಿಗೆ ಕೈ ಹಚ್ಚದಂತಾಯಿತು. ಆಫ್ರಿಕಾದ ತೊಗರಿ ಸುಂಕವಿಲ್ಲದೆ ಬಂತೆಂದು ಸಿಂದಗಿಯ ನನ್ನ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ, "ಸರ್, ನೀವು ಕಲಿಸಿದ್ದು ಈಗ ತಿಳೀತ್ರಿ," ಎಂದು ಕುಟುಕಿದರು. ಉಳ್ಳಾಗಡ್ಡಿಗೆ ಒಮ್ಮೆ ತೆರಿಗೆ, ಒಮ್ಮೆ ನಿಷೇಧ. ನನ್ನ ಚಡಪಡಿಕೆ ಹೋಗಿಲ್ಲ. ಎಲ್ಲಿ ಗುಂಡು ಹಾರಿದರೂ ನಾನು ಎದ್ದು ಅಡ್ಡಾಡುತ್ತೇನೆ.

ಮೊನ್ನೆಯೂ ಹಾಗೇ. ಸಮುದ್ರದಲ್ಲಿ ಗದ್ದಲ, ಹಡಗುಗಳು ಸುತ್ತು ಬಳಸಿ ಹೋಗುತ್ತಿವೆ, ಸರ್ಕಾರ ಮತ್ತೆ ಏನೋ ಮಾಡುತ್ತದಂತೆ ಎಂದು ಸುದ್ದಿ. ನಿಜವೋ ಸುಳ್ಳೋ, ನನಗೆ ತಡೆಯಲಾಗಲಿಲ್ಲ. ಕೇಳಬಾರದೆಂದು ಮಾತಾಗಿದ್ದರೂ ಫೋನು ಹಚ್ಚಿದೆ.

"ಅಕ್ಕಾ, ಸುದ್ದಿ ನೋಡೀಯೇನು? ಮಾಲ ಇನ್ನೂ ಚಾಳದಾಗ ಅದ ಏನು?"

"ಇಲ್ರಿ. ನಿನ್ನೀನ ಹೋತು."

"ನಿನ್ನೆ ಏಕಾದಶಿ ಇತ್ತಲ್ಲ?" ನಾಲಿಗೆ ತನ್ನಷ್ಟಕ್ಕೇ ಆಡಿಬಿಟ್ಟಿತು.

"ಹೌದ್ರಿ. ಅವ್ವಾರನ್ನ ಕೇಳಿ ಕಳಿಸೇನ್ರಿ."

ಫೋನಿಟ್ಟು ನೋಡಿದೆ. ಒಳಗೆ ಅವ್ವ ಗೋಡೆಗೆ ಒರಗಿ ಕುಳಿತು ಜಪಮಣಿ ಎಣಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಇಬ್ಬರೂ ಯಾವಾಗ ಮಾತಾಡಿದರೋ, ಅದೇ ಮನೆಯಲ್ಲಿದ್ದ ನನಗೆ ಗೊತ್ತೇ ಇರಲಿಲ್ಲ.